ಕೊಲಂಬೊಕ್ಕೆ ಒಬ್ಬರೇ ಹೋದ ಅಕ್ಕ

ಅವರ ಕುತ್ತಿಗೆ ಬಲಕ್ಕೆ ತುಸು ವಾಲಿರುತ್ತಿತ್ತು. ಟ್ರಾನ್ಸಿಸ್ಟರನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ರೊಟ್ಟಿ ಬಡಿದು ಬಡಿದು ಬಂದ ಓರೆ ಅದು. ಟ್ರಾನ್ಸಿಸ್ಟರ್ ಇಲ್ಲದಾಗಲೂ, ಅಂಚೆ ಕಚೇರಿಯ ಕಿಟಕಿಯ ಹಿಂದೆ ಕುಳಿತು ಕಾಗದಗಳ ಮೇಲೆ ಠಪ್ ಠಪ್ ಎಂದು ಮುದ್ರೆ ಒತ್ತುವಾಗಲೂ ತಲೆ ಹಾಗೇ ಇರುತ್ತಿತ್ತು. ಊರಿಗೆ ಹೊಸದಾಗಿ ಬಂದವರು ‘ಕುತ್ತಿಗಿ ಉಳುಕೈತೇನ್ರಿ?’ ಎಂದು ಕೇಳಿದರೆ, ‘ಇಲ್ರಿ, ಕೇಳಿ ಕೇಳಿ ಹಿಂಗಾಗೈತಿ’ ಎಂದು ನಗುತ್ತಿದ್ದರು. ಏನು ಕೇಳಿ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವೆ ನಾನು ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ ಸೊಸೆಯಾಗಿ ಬಂದೆ. ನಮ್ಮ ಹಿತ್ತಲಿಗೂ ಅವರ ಬಾಡಿಗೆ ಮನೆಯ ಹಿತ್ತಲಿಗೂ ಎದೆಮಟ್ಟದ ಒಂದೇ ಗೋಡೆ. ಊರೆಲ್ಲ ಅವರನ್ನು ‘ಪೋಸ್ಟಿನಕ್ಕ’ ಎನ್ನುತ್ತಿತ್ತು. ಹರಪನಹಳ್ಳಿ ಕಡೆಯ ತೆಲಿಗಿಯವರು. ಆಗಲೇ ನಲವತ್ತು ದಾಟಿತ್ತು. ಮದುವೆ ಯಾಕೆ ಆಗಲಿಲ್ಲ ಎಂಬುದಕ್ಕೆ ಊರಿನಲ್ಲಿ ನಾಲ್ಕು ಕತೆಗಳಿದ್ದವು. ನಾನು ಒಂದು ದಿನವೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಬಂದು ತಿಂಗಳಾಗಿರಬೇಕು. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕುಳಿತು ಅಳುವುದು ನನಗೆ ರೂಢಿಯಾಗಿಬಿಟ್ಟಿತ್ತು. ಮನೆಯಲ್ಲಿ ಯಾರೂ ಬೈಯುತ್ತಿರಲಿಲ್ಲ. ಆದರೆ ಯಾರೂ ಹೆಚ್ಚು ಮಾತಾಡುತ್ತಲೂ ಇರಲಿಲ್ಲ. ಗಂಡ ಗೊಬ್ಬರದಂಗಡಿಗೆ ಹೋದರೆ ಊಟಕ್ಕೇ ಮನೆ ಕಾಣುವುದು. ಅತ್ತೆ ಪೂಜೆಗೆ ಕುಳಿತರೆ ಎರಡು ತಾಸು. ಅವತ್ತೂ ಹಾಗೇ ಅಳುತ್ತ ಕುಳಿತಿದ್ದಾಗ ಗೋಡೆಯಾಚೆ ಗಂಡಸಿನ ದನಿ ಕೇಳಿಸಿತು. ಒಬ್ಬನದಲ್ಲ, ಇಬ್ಬರದು. ಒಂಟಿ ಹೆಂಗಸಿನ ಮನೆಯಲ್ಲಿ, ಬೆಳಕು ಹರಿಯುವ ಮುನ್ನ! ನಾನು ಗಾಬರಿಯಿಂದ ಅಳುವುದನ್ನೇ ಮರೆತೆ. ಅಷ್ಟರಲ್ಲಿ ಗೋಡೆಯ ಮೇಲೆ ಆ ಓರೆಯಾದ ತಲೆ ಕಾಣಿಸಿತು.

‘ಯಾಕವ್ವ ತಂಗಿ, ತವರಮನಿ ನೆನಪಾತೇನು?’

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ.

‘ಬಾ ಈ ಕಡಿ. ಚಾ ಮಾಡೀನಿ. ನ್ಯೂಜಿಲೆಂಡಿನ್ಯಾಗ ನಮ್ಮೋರು ಬ್ಯಾಟಿಂಗ್ ಮಾಡಾಕತ್ಯಾರ.’

ಆ ಗಂಡಸರು ರೇಡಿಯೋದೊಳಗಿನ ಕ್ರಿಕೆಟ್ ವೀಕ್ಷಕ ವಿವರಣೆಯವರು. ಸ್ವಲ್ಪ ಹೊತ್ತು ಹಿಂದಿ, ಸ್ವಲ್ಪ ಹೊತ್ತು ಇಂಗ್ಲಿಷ್. ನನಗೆ ಎರಡೂ ಅಷ್ಟಕ್ಕಷ್ಟೇ. ಅಕ್ಕ ಚಿಕ್ಕವರಿದ್ದಾಗ ಹಿಂದಿ ಪರೀಕ್ಷೆಗಳನ್ನು ಕಟ್ಟಿ ಪಾಸಾದವರು. ರೊಟ್ಟಿ ಬಡಿಯುತ್ತಲೇ ನನಗೆ ಕನ್ನಡದಲ್ಲಿ ಹೇಳುತ್ತಿದ್ದರು: ‘ಚೆಂಡು ಬಿಟ್ಟ. ಚಲೋ ಮಾಡಿದ. ಬಿಡೋದೂ ಒಂದು ವಿದ್ಯಾನ ನೋಡು.’

ನಮ್ಮ ಮನೆಯಲ್ಲಿ ಟಿ.ವಿ. ಇತ್ತು. ಅಲ್ಲಿಗೆ ಬಂದು ನೋಡಿರಿ ಎಂದು ಒಮ್ಮೆ ಕರೆದೆ. ಅವರು ಒಪ್ಪಲಿಲ್ಲ.

‘ಟಿ.ವಿ.ಯಾಗ ಮಾತು ಕಡಿಮಿ ತಂಗಿ. ಕಾಣತೈತಲ್ಲ ಅಂತ ಅವರು ಸುಮ್ಮಕಾಗಿಬಿಡ್ತಾರ. ಮನ್ಯಾಗ ಒಂದು ದನಿ ಇರಬೇಕು. ಐದೈದು ದಿನ ಬಿಡದಂಗ ನನ್ನ ಕೂಡ ಮಾತಾಡೋರು ಇವ್ರು ಬಿಟ್ರ ಯಾರದಾರ?’

ಇದನ್ನು ಅವರು ದುಃಖದಿಂದ ಹೇಳಲಿಲ್ಲ. ಉಪ್ಪು ಕಡಿಮೆ ಇದೆ ಎನ್ನುವಂತೆ ಹೇಳಿದರು. ಒಂದು ದಿನದ ಪಂದ್ಯಗಳನ್ನು ಕಂಡರೆ ಅವರಿಗೆ ಅಷ್ಟು ಪ್ರೀತಿ ಇರಲಿಲ್ಲ. ಸಂಜೆಗೆ ಮುಗಿದು ಹೋಗುತ್ತದಲ್ಲ.

ಇನ್ನೊಂದು ವಿಚಿತ್ರವಿತ್ತು. ನಮ್ಮ ತಂಡ ನಮ್ಮ ದೇಶದಲ್ಲೇ ಆಡುವಾಗ ಅಕ್ಕ ರೇಡಿಯೋ ಹಾಕುತ್ತಿದ್ದುದು ಅಪರೂಪ. ಊರ ಹುಡುಗರೆಲ್ಲ ಹೋಟೆಲಿನ ಟಿ.ವಿ. ಮುಂದೆ ಗುಂಪುಗೂಡಿ ಕೂಗುತ್ತಿದ್ದರೂ ಇವರು ತಮ್ಮ ಪಾಡಿಗೆ ಅಕ್ಕಿ ಆರಿಸುತ್ತ ಕೂರುತ್ತಿದ್ದರು. ಕೇಳಿದ್ದಕ್ಕೆ ಹೇಳಿದರು: ‘ಇಲ್ಲಿ ಅವರಿಗೆ ಮಂದಿ ಅದಾರ. ಮೈದಾನ ತುಂಬ ಅವರ ಹೆಸರ ಕೂಗತಾರ. ಪರದೇಶಕ್ಕ ಹೋದಾಗ ಯಾರದಾರ? ಹೊಡದ್ರ ಚಪ್ಪಾಳಿಲ್ಲ, ಔಟಾದ್ರ ಎಲ್ಲಾರೂ ಕುಣೀತಾರ. ಅಂಥಾಗ ಒಬ್ಬರಾದ್ರೂ ನಮ್ಮ ಕಡೇರು ಕೇಳಬೇಕಲ್ಲ.’

ಹಾಗಾಗಿ ಅಕ್ಕನ ವರ್ಷಕ್ಕೆ ಬೇರೆಯೇ ಋತುಗಳು. ತಂಡ ಆಸ್ಟ್ರೇಲಿಯಾಕ್ಕೆ ಹೋದರೆ ಕೋಳಿ ಕೂಗುವ ಮುಂಚೆ ಅವರ ಒಲೆ ಉರಿಯುತ್ತಿತ್ತು. ಆಫ್ರಿಕಾಕ್ಕೆ ಹೋದರೆ ಮಧ್ಯಾಹ್ನದ ಊಟವನ್ನು ನಿಂತುಕೊಂಡೇ ಮುಗಿಸುತ್ತಿದ್ದರು. ಇಂಗ್ಲೆಂಡಿಗೆ ಹೋದರೆ ಕಚೇರಿ ಬಿಟ್ಟವರು ಸಂತೆಯಲ್ಲಿ ಯಾರೊಡನೆಯೂ ನಿಲ್ಲದೆ ಬಿರಬಿರನೆ ಮನೆಗೆ ಬರುತ್ತಿದ್ದರು. ‘ಯಾರೋ ಕಾಯಾಕತ್ಯಾರ ಅನ್ನೋಹಂಗ ಓಡ್ತಾಳ ನೋಡು’ ಎಂದು ಅತ್ತೆ ಬಾಗಿಲಲ್ಲಿ ನಿಂತು ಹೇಳುತ್ತಿದ್ದರು.

ಆ ವರ್ಷಗಳಲ್ಲಿ ನಮ್ಮವರು ಹೊರಗೆ ಹೋದರೆ ಸೋತು ಬರುವುದೇ ಹೆಚ್ಚು. ಒಂದು ಸಲ ಮುಂಜಾನೆಯಿಂದ ವಿಕೆಟ್ಟುಗಳು ಬೀಳುತ್ತಲೇ ಇದ್ದವು. ನನಗೇ ತಡೆಯಲಾಗದೆ ‘ಬಂದ್ ಮಾಡ್ರಿ ಅಕ್ಕಾರ, ಸಾಕು’ ಎಂದೆ. ಅವರು ಕಣ್ಣು ದೊಡ್ಡದು ಮಾಡಿ ನನ್ನನ್ನು ನೋಡಿದರು. ‘ಸೋಲತಾರ ಅಂತ ಗೊತ್ತಾದ ಮ್ಯಾಲ ಎದ್ದು ಹೋಗೋದಾದ್ರ, ಮೊದಲ ಕುಂತಿದ್ದಾದ್ರೂ ಯಾಕ?’ ಕೊನೆಯವನು ಔಟಾಗುವವರೆಗೂ ಕೇಳಿದರು. ಆಮೇಲೆ ಟ್ರಾನ್ಸಿಸ್ಟರಿನ ಮೇಲಿನ ಹಿಟ್ಟು ಒರೆಸಿಟ್ಟು ಕಚೇರಿಗೆ ಹೋದರು.

ಆರೇಳು ವರ್ಷ ಹೀಗೇ ಹೋಯಿತು. ನನಗೆ ಮಗಳು ಹುಟ್ಟಿದಳು, ಶಾಲೆಗೂ ಹೊರಟಳು. ಒಂದು ದಿನ ಅಕ್ಕ ಚಹಾದ ಬಟ್ಟಲು ನನ್ನ ಕೈಗಿಟ್ಟು, ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ದನಿ ತಗ್ಗಿಸಿ ಹೇಳಿದರು: ‘ತಂಡ ಶ್ರೀಲಂಕಾಕ್ಕ ಹೊಂಟೈತಿ. ನಾನೂ ಹೋಗಬೇಕಂತ ಮಾಡೀನಿ. ನೀ ಬರ್ತಿ?’

ನಾನು ನಕ್ಕೆ. ಅವರು ನಗಲಿಲ್ಲ. ಬಳ್ಳಾರಿಯ ಏಜೆಂಟನೊಬ್ಬನನ್ನು ಆಗಲೇ ವಿಚಾರಿಸಿದ್ದರು. ಬೆಂಗಳೂರು, ಅಲ್ಲಿಂದ ಮದ್ರಾಸು, ಮದ್ರಾಸಿನಿಂದ ಕೊಲಂಬೊಕ್ಕೆ ಒಂದು ತಾಸಿನ ವಿಮಾನ.

‘ಜೀವಮಾನದಾಗ ಒಂದ್ಸಲ ಅಲ್ಲಿ ಹೋಗಿ ಕುಂದ್ರಬೇಕು ತಂಗಿ. ಇಬ್ರು ಹೋದ್ರ ಧೈರ್ಯ. ನಿಮ್ಮ ಮನ್ಯಾಗ ಕೇಳು.’

‘ಕೇಳ್ತೀನ್ರಿ’ ಎಂದೆ. ಅವರ ಮುಖ ಅವತ್ತು ಅರಳಿದಷ್ಟು ಯಾವ ಗೆಲುವಿಗೂ ಅರಳಿದ್ದನ್ನು ನಾನು ಕಂಡಿರಲಿಲ್ಲ.

ನಾನು ಕೇಳಲಿಲ್ಲ.

ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಇಷ್ಟೇ. ಗಂಡನನ್ನೂ ಕೇಳಲಿಲ್ಲ, ಅತ್ತೆಯನ್ನೂ ಕೇಳಲಿಲ್ಲ. ಅವರು ಬೇಡವೆನ್ನುತ್ತಾರೆಂದು ನಾನೇ ತೀರ್ಮಾನಿಸಿದೆ. ಅಲ್ಲಿ ಯುದ್ಧ ನಡೆಯುತ್ತಿದ್ದ ಕಾಲ ಅದು, ಆ ಹೆದರಿಕೆಯೂ ಇತ್ತು. ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ. ಪೋಸ್ಟಿನಕ್ಕನ ಮನೆಗೆ ಚಹಾಕ್ಕೆ ಹೋಗುವುದು ಒಂದು ಮಾತು, ಪೋಸ್ಟಿನಕ್ಕನ ಜೊತೆ ಗಂಡನನ್ನೂ ಮಗುವನ್ನೂ ಬಿಟ್ಟು ದೇಶ ದಾಟುವುದು ಇನ್ನೊಂದು. ಊರಿನವರು ಅವರನ್ನು ನೋಡುವ ಕಣ್ಣಿನಲ್ಲೇ ನನ್ನನ್ನೂ ನೋಡುತ್ತಾರೆಂದು ಅಂಜಿದೆ. ಎಂಟು ದಿನ ಹಿತ್ತಲಿಗೆ ಹೋಗುವುದನ್ನೇ ತಪ್ಪಿಸಿದೆ. ಒಂಬತ್ತನೆಯ ದಿನ ಗೋಡೆಯ ಹತ್ತಿರ ನಿಂತು, ‘ಮನ್ಯಾಗ ಒಪ್ಪಲಿಲ್ರಿ ಅಕ್ಕಾರ’ ಎಂದೆ.

‘ಹೌದೇನು?’ ಎಂದರು. ‘ಇರಲಿ ಬಿಡು. ಮನಿ ಅಂದ ಮ್ಯಾಲ ಅವರದೂ ಕೇಳಬೇಕಾಗತೈತಿ.’

ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸಿನವನು ಬಂದು ಅಕ್ಕಪಕ್ಕದ ಮನೆಗಳಲ್ಲಿ ಕೇಳಿದಾಗ ಸುದ್ದಿ ಊರಿಗೆಲ್ಲ ಹಬ್ಬಿತು. ‘ಒಬ್ಬಾಕಿ ಹೆಣ್ಣು, ಕಡಲು ದಾಟಿ, ಚೆಂಡಾಟ ನೋಡಾಕ!’ ಎಂದು ಅತ್ತೆ ಹಣೆ ಚಚ್ಚಿಕೊಂಡರು. ಕೇಳದಿದ್ದದ್ದೇ ಒಳ್ಳೆಯದಾಯಿತು ಎಂದುಕೊಂಡೆ. ಅಕ್ಕ ಹೊರಟ ಬೆಳಗ್ಗೆ ಬಸ್ ನಿಲ್ದಾಣಕ್ಕೂ ನಾನು ಹೋಗಲಿಲ್ಲ. ಮಗಳ ತಲೆ ಬಾಚುತ್ತ ಒಳಗೇ ಕುಳಿತಿದ್ದೆ. ಚಪ್ಪಲಿಯ ಸದ್ದು ನಮ್ಮ ಬಾಗಿಲ ಮುಂದೆ ಒಂದು ಕ್ಷಣ ನಿಂತು ಮುಂದೆ ಹೋಯಿತು.

ಹನ್ನೆರಡು ದಿನಕ್ಕೆ ವಾಪಸಾದರು. ಅತ್ತೆಗೆ ಚಹಾಪುಡಿ, ಮಗಳಿಗೆ ಮರದ ಆನೆ, ನನಗೆ ಬಣ್ಣ ಬಣ್ಣದ ಒಂದು ಬಟ್ಟೆ ತಂದಿದ್ದರು. ಕೇಳಲು ಬಂದ ಓಣಿಯವರಿಗೆಲ್ಲ ‘ಚಲೋ ಆತ್ರಿ, ಚಲೋ ಊರು’ ಎಂದಷ್ಟೇ ಹೇಳಿದರು. ಎಲ್ಲರೂ ಹೋದ ಮೇಲೆ, ಅಡುಗೆಮನೆಯಲ್ಲಿ ನನ್ನನ್ನು ಕೂರಿಸಿಕೊಂಡು ಹೇಳಿದ್ದು ಬೇರೆ.

‘ಮೈದಾನದಾಗ ಮೊದಲನೇ ದಿನ ಏನೂ ತಿಳೀಲಿಲ್ಲ ತಂಗಿ. ಯಾರು ಹೊಡದ್ರು, ಎಷ್ಟಾತು, ಹೇಳೋರ ಇಲ್ಲ! ಟ್ರಾನ್ಸಿಸ್ಟರ್ ಒಯ್ದಿದ್ದೆ. ಹಚ್ಚಿದ್ರ ಅವರ ಭಾಷಿ. ಬಂದ್ ಮಾಡಿ ಇಟ್ಟೆ. ಸುಮ್ಮನ ಬಿಳೀ ಅರಿವಿ ಹಾಕ್ಕೊಂಡೋರು ದೂರದಾಗ ತಿರಗತಿದ್ರು. ಇಪ್ಪತ್ತು ವರ್ಷ ನನ್ನ ಮನ್ಯಾಗ ಇದ್ದೋರು, ಗುರುತ ಹತ್ತಲಿಲ್ಲ.’

ಮೂರನೆಯ ದಿನ ನಮ್ಮ ಕರ್ನಾಟಕದ ಆಟಗಾರನೊಬ್ಬ ಫೀಲ್ಡಿಂಗಿಗೆಂದು ಅವರ ಮುಂದಿನ ಬೌಂಡರಿ ಹಗ್ಗದ ಹತ್ತಿರ ಬಂದು ನಿಂತನಂತೆ. ಆಗಷ್ಟೇ ಊಟದ ವಿರಾಮ ಮುಗಿದಿತ್ತು. ಅಕ್ಕನಿಗೆ ಏನು ಕೂಗಬೇಕೆಂದು ತಿಳಿಯಲಿಲ್ಲ. ‘ಉಂಡಿಯೇನಪಾ ತಮ್ಮಾ?’ ಎಂದು ಕೂಗಿಬಿಟ್ಟರು.

‘ತಿರುಗಿ ನೋಡಿದ ತಂಗಿ! ಕನ್ನಡ ಕೇಳ್ತಲ್ಲ. ಆ ಕಡಿ ಈ ಕಡಿ ನೋಡಿದ. ಯಾರು ಅಂತ ಗೊತ್ತಾಗಲಿಲ್ಲ. ಅಷ್ಟ್ರಾಗ ಓವರ್ ಮುಗೀತು, ಆಚಿ ಕಡಿ ಹೋದ. ಮತ್ತ ಈ ಕಡಿ ಬರಲೇ ಇಲ್ಲ.’

ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ನಾನೂ ನಕ್ಕೆ. ಆಮೇಲೆ ಉಳಿದದ್ದನ್ನು ಹೇಳಿದರು.

ಅವರು ಇಳಿದುಕೊಂಡಿದ್ದು ತಮಿಳು ದಂಪತಿ ನಡೆಸುವ ಒಂದು ಸಣ್ಣ ವಸತಿಗೃಹ. ಮೊದಲ ದಿನವೇ ಆ ಮನೆಯಾಕೆ, ಯಾರ ಜೊತೆ ಬಂದಿರಿ ಎಂದು ಹರಕು ಇಂಗ್ಲಿಷಿನಲ್ಲಿ ಕೇಳಿದಳು. ಒಬ್ಬಳೇ ಎನ್ನಲು ಅಕ್ಕನಿಗೆ ಬಾಯಿ ಬರಲಿಲ್ಲ.

‘ತಂಗಿ ಬಂದಾಳ, ಆಕಿಗಿ ಆರಾಮಿಲ್ಲ, ರೂಮಿನ್ಯಾಗ ಮಲಗ್ಯಾಳ ಅಂದುಬಿಟ್ಟೆ. ಯಾಕ ಅಂದೆನೋ! ಆ ತಾಯಿ ಎಂಥಾ ಹೆಣಮಗಳು ಅಂತಿ, ದಿನಾ ಸಂಜೀಕ ನಿನಗಂತ ಗಂಜಿ ಮಾಡಿ ಬಾಗಲ ಮುಂದ ಇಟ್ಟು ಹೋಗತಿದ್ಲು. ಒಳಗ ಬರತೀನಿ, ನೋಡತೀನಿ ಅಂದ್ರ, ನಿದ್ದಿ ಮಾಡಾಕತ್ಯಾಳ ಅಂತ ಅಡ್ಡ ನಿಲ್ಲತಿದ್ದೆ. ನಂದು ಉಂಡು, ನಿನ್ನ ಗಂಜೀನೂ ನಾನ ಕುಡೀತಿದ್ದೆ. ಚೆಲ್ಲಾಕ ಮನಸ್ಸು ಬರಲಿಲ್ಲ.’

‘ಹೊಂಟಾಗ ಏನಂದ್ರಿ?’ ಎಂದು ಕೇಳಿದೆ.

‘ಆಕಿ ಅಡಗಿ ಮಾಡೋ ಹೊತ್ತು ನೋಡಿ ಹೇಳದಂಗ ಬಂದೆ. ಅದೊಂದ ಮನಸ್ಸಿಗಿ ಕೆಟ್ಟ ಅನಸ್ತೈತಿ.’

ಪಂದ್ಯ ಏನಾಯಿತೆಂದು ಕೇಳುವುದು ನನಗೆ ನೆನಪಾಗಲೇ ಇಲ್ಲ. ಸೋತಿದ್ದರಂತೆ, ಮರುದಿನ ಗಂಡನಿಂದ ತಿಳಿಯಿತು.

ಅದಾದ ಮೇಲೂ ಅಕ್ಕನ ಮನೆಗೆ ಹೋಗುವುದನ್ನು ನಾನು ಬಿಡಲಿಲ್ಲ. ಹೇಳಿಬಿಡಬೇಕು ಎಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಆಗೆಲ್ಲ ಅವರು ಬಟ್ಟಲಿಗೆ ಇನ್ನಷ್ಟು ಚಹಾ ಸುರಿಯುತ್ತಿದ್ದರು, ಅಥವಾ ‘ತಡಿ, ಫೀಲ್ಡಿಂಗ್ ಬದಲಿ ಮಾಡಾಕತ್ಯಾರ’ ಎಂದು ಕೈ ಎತ್ತುತ್ತಿದ್ದರು. ಎರಡು ವರ್ಷದ ನಂತರ ಅವರಿಗೆ ಹಡಗಲಿಗೆ ವರ್ಗವಾಯಿತು. ಹೊರಡುವ ದಿನ ನಾನೇ ಸಾಮಾನು ಕಟ್ಟಿಕೊಟ್ಟೆ. ದೂರ ಅಂಥದೇನಲ್ಲ, ಆದರೂ ನೋಡುವುದು ವರ್ಷಕ್ಕೆ ಒಂದೆರಡು ಸಲ ಆಯಿತು. ಈ ನಡುವೆ ನಮ್ಮ ಅತ್ತೆ ತೀರಿಕೊಂಡರು. ಅಕ್ಕ ಬಂದು ಮೂರು ದಿನ ನನ್ನ ಜೊತೆ ಇದ್ದು, ಬಂದವರಿಗೆಲ್ಲ ಅಡುಗೆ ಮಾಡಿ ಹಾಕಿ ಹೋದರು.

ಕೊನೆಯ ಸಲ ಅವರನ್ನು ನೋಡಿದ್ದು ದಾವಣಗೆರೆಯ ಆಸ್ಪತ್ರೆಯಲ್ಲಿ. ನಿವೃತ್ತಿಗೆ ಇನ್ನೂ ಸ್ವಲ್ಪ ದಿನ ಇತ್ತು. ಹೊಟ್ಟೆಯಲ್ಲಿ ಗಡ್ಡೆ, ಗೊತ್ತಾಗುವಷ್ಟರಲ್ಲಿ ಕೈ ಮೀರಿತ್ತು. ತೆಲಿಗಿಯಿಂದ ತಮ್ಮ ಬಂದು ಹೋಗುತ್ತಿದ್ದ, ಹಗಲು ಹೊತ್ತು ಯಾರೂ ಇರುತ್ತಿರಲಿಲ್ಲ. ಗಂಡನಿಗೆ ಹೇಳಿ ನಾಲ್ಕು ದಿನ ಅಲ್ಲೇ ಉಳಿದೆ. ಎರಡನೆಯ ದಿನ ಮಧ್ಯಾಹ್ನ, ಅವರು ಎಚ್ಚರವಿದ್ದಾಗ, ಕೈ ಹಿಡಿದುಕೊಂಡು ಹೇಳಿದೆ:

‘ಅಕ್ಕಾರ, ಶ್ರೀಲಂಕಾಕ್ಕ ಹೋಗೋ ಮಾತು ನಾನು ಮನ್ಯಾಗ ಕೇಳಿದ್ದ ಇಲ್ರಿ. ಒಪ್ಪಲಿಲ್ಲ ಅಂತ ನಿಮಗ ಸುಳ್ಳು ಹೇಳಿದ್ದೆ.’

ಅಕ್ಕ ತಲೆ ತಿರುಗಿಸಲಿಲ್ಲ. ‘ಗೊತ್ತಿತ್ತು’ ಎಂದರು.

‘ಹೆಂಗ್ರಿ?’ ಎಂದೆ.

‘ಬಂದ ಮರುದಿನ ಚಾಪುಡಿ ಕೊಡಾಕ ಬಂದಿದ್ದೆನಲ್ಲ, ನಿಮ್ಮತ್ತಿ ಅಂದ್ರು: ಪೋಸ್ಟಿನಕ್ಕ, ಭಾರೀ ಗಟ್ಟಿಗಿತ್ತಿ ಬಿಡು ನೀನು. ನಮ್ಮ ಸೊಸೀನೂ ಕರಕೊಂಡು ಹೋಗಬಾರದಿತ್ತೇನು? ಮದುವ್ಯಾದಾಗಿಂದ ಎಲ್ಲೀ ಹೋಗಿಲ್ಲ ಆ ಹುಡುಗಿ. ಒಂದು ಮಾತು ಅಂದಿದ್ರ ನಾನ ಮಗಗ ಹೇಳಿ ಕಳಸತಿದ್ದೆ ಅಂತ.’

ಅತ್ತೆ ಹಾಗೆ ಹೇಳಿದ್ದರು. ಹಣೆ ಚಚ್ಚಿಕೊಂಡಿದ್ದ ಅದೇ ಅತ್ತೆ. ನಾನು ಕೇಳಿದೆ: ‘ಮತ್ತ ನನ್ನ ಯಾಕ ಕೇಳಲಿಲ್ರಿ ಇಷ್ಟು ವರ್ಷ?’

‘ಕೇಳಿದ್ರ ನೀ ನಮ್ಮನಿಗೆ ಬರೋದು ಬಿಡತಿದ್ದಿ ತಂಗಿ’ ಎಂದರು ಅಕ್ಕ.

ಅಷ್ಟು ಹೇಳಿ ಕಣ್ಣು ಮುಚ್ಚಿದರು. ಸಂಜೆ ಎಚ್ಚರಾದಾಗ ಮಗಳ ಓದಿನ ಬಗ್ಗೆ ಕೇಳಿದರು. ಆ ವಿಷಯ ನಾವಿಬ್ಬರೂ ಮತ್ತೆ ಎತ್ತಲಿಲ್ಲ.

ನಾನು ಊರಿಗೆ ಬಂದ ಮೂರನೆಯ ದಿನ ಅವರ ತಮ್ಮನ ಫೋನು ಬಂತು. ತೆಲಿಗಿಯಲ್ಲಿ, ಅವರ ಹೊಲದಲ್ಲಿ ಮಣ್ಣು ಮಾಡಿದರು. ಗಂಡನೂ ಜೊತೆಗೆ ಬಂದಿದ್ದರು. ವಾಪಸು ಬರುವಾಗ ಬಸ್ಸಿನಲ್ಲಿ ಎಲ್ಲವನ್ನೂ ಅವರಿಗೆ ಹೇಳಿದೆ, ಒಂದು ಮಾತೂ ಬಿಡದೆ. ಅವರು ಕಿಟಕಿಯ ಹೊರಗೆ ನೋಡುತ್ತ ಕೇಳಿಸಿಕೊಂಡರು. ಊರು ಹತ್ತಿರವಾದ ಮೇಲೆ, ‘ಕೇಳಬೇಕಿತ್ತು ನೀನು’ ಎಂದರು.

ಹೌದು. ಕೇಳಬೇಕಿತ್ತು.