ಬಳೆ ಆಪಾಳ ಮೂರು ಗಾಲಿ

ಉಕ್ಕು ಕಡೆಯುವಾಗ ಲೇಥಿನ ಮೇಲೆ ಸುರಿಯುವ ಎಣ್ಣೆ ಕಾದು ಹೊಗೆಯಾಡಿದರೆ ಒಂದು ಕಮಟು ವಾಸನೆ ಬರುತ್ತದೆ. ಗಜೇಂದ್ರಗಡದ ನನ್ನ ಅಂಗಡಿಯಲ್ಲಿ ದಿನವೂ ಅದರಲ್ಲೇ ಇರುವ ನನಗೆ ಅದು ಗೊತ್ತೇ ಆಗುವುದಿಲ್ಲ. ಕಳೆದ ವಾರ ರೋಣದ ತರುಣನೊಬ್ಬ ತನ್ನ ಬೈಕಿಗೆ ಅಗಲವಾದ ಟೈರು ಹಾಕಿಸಿಕೊಂಡು ಬಂದಿದ್ದ. ಚೈನು ಟೈರಿಗೆ ಉಜ್ಜುತ್ತಿತ್ತು. ಹಲ್ಲುಗಾಲಿಗಳನ್ನು ಒಂದಿಷ್ಟು ಹೊರಕ್ಕೆ ಸರಿಸಬೇಕಾಗಿತ್ತು. ಅದಕ್ಕೆ ನಡುವೆ ಕೂರಿಸಲು ಸ್ಪೇಸರ್ ಬೇಕು. ಸ್ಪೇಸರ್ ಎಂದರೆ ಬೇರೇನಿಲ್ಲ, ಒಂದು ದಪ್ಪನೆಯ ಉಕ್ಕಿನ ಉಂಗುರ. ಕಡೆದ ಉಂಗುರ ಸರಳಿನಿಂದ ಕಳಚಿ ತಟ್ಟೆಗೆ ಬಿದ್ದಾಗ ಆ ವಾಸನೆ ಯಾಕೋ ಮೂಗಿಗೆ ಬಡಿಯಿತು. ಬಳೆ ಆಪಾ ನೆನಪಾದಳು...

ಗಜೇಂದ್ರಗಡದ ಪೇಟೆಯಲ್ಲಿ ಅವಳ ಅಣ್ಣನ ಬಳೆ ಅಂಗಡಿ ಇತ್ತು. ಚಿಕ್ಕಂದಿನಲ್ಲೇ ಪೋಲಿಯೋ ಆಗಿ ಅವಳ ಎರಡೂ ಕಾಲು ಸೋತಿದ್ದವು. ಊರುಗೋಲು ಹಿಡಿದು ಅಂಗಡಿಯ ಒಳಗಿನಿಂದ ಬಾಗಿಲಿಗೆ ಬಂದರೆ ಅದೇ ದೊಡ್ಡ ನಡಿಗೆ. ಅಣ್ಣ ತನ್ನ ಮೊಪೆಡ್ಡಿನ ಹಿಂದೆ ಅವಳನ್ನು ಕೂರಿಸಿಕೊಂಡು, ಬಳೆಯ ಟ್ರಂಕನ್ನು ಮುಂದಿಟ್ಟುಕೊಂಡು ಸೂಡಿ, ರಾಜೂರಗಳಿಗೆ ಹೋಗಿಬರುತ್ತಿದ್ದ. ಹಳ್ಳಿಯ ಹೆಂಗಸರು ಕಾಯುತ್ತಿದ್ದುದು ಅವಳನ್ನು, ಅವನನ್ನಲ್ಲ. ಅವಳು ಅಂಗೈಯನ್ನು ಹಿಚುಕಿ ಬಳೆ ಏರಿಸಿದರೆ ಯಾರಿಗೂ ನೋಯುತ್ತಿರಲಿಲ್ಲವಂತೆ. ಏರಿಸುವಷ್ಟು ಹೊತ್ತೂ ಏನೋ ಒಂದು ಮಾತು ತೆಗೆದು ನಗಿಸುತ್ತಿದ್ದಳಂತೆ. ಅವಳಿಗಿಂತ ಹಿರಿಯರೂ ಅವಳನ್ನು ಆಪಾ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು.

ಅಣ್ಣನಿಗೆ ಬೆನ್ನು ನೋವು ಶುರುವಾದ ಮೇಲೆ ಹಳ್ಳಿಯ ತಿರುಗಾಟ ನಿಂತಿತು. ಆಪಾ ಒಂದಷ್ಟು ದಿನ ಅಂಗಡಿಯಲ್ಲಿ ಕೂತಳು. ಆಮೇಲೆ ರೋಣದ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಹಳೆಯ ಬೈಕೊಂದಕ್ಕೆ ಹಿಂದೆ ಎರಡು ಗಾಲಿ ಕೂಡಿಸಿ, ಎಲ್ಲ ಕೈಯಿಂದಲೇ ನಡೆಯುವಂತೆ ಮಾಡಿಸಿ, ತನ್ನದೇ ಗಾಡಿ ತಂದುಕೊಂಡಳು.

ಗಾಡಿ ನನ್ನ ಅಂಗಡಿಗೆ ಬಂದದ್ದು ಟೆಂಪೋ ಹಿಂದೆ ಹಗ್ಗ ಕಟ್ಟಿಸಿಕೊಂಡು. ಆಪಾ ಅದರ ಮೇಲೆಯೇ ಕೂತಿದ್ದಳು.

"ಚೈನ್ ಬೀಳತೈತ್ರಿ ಅಣ್ಣಾರ. ಸೂಡಿ ಮುಟ್ಟೂದರಾಗ ಎರಡು ಸಲ ಬಿತ್ತು," ಎಂದಳು.

ಉಕ್ಕಿನ ಪಟ್ಟಿಯೊಂದನ್ನು ತಂದು ಹಲ್ಲುಗಾಲಿಗಳಿಗೆ ಅಡ್ಡಲಾಗಿ ಹಿಡಿದೆ. ಎಂಜಿನ್ನಿನ ಬಳಿಯ ಚಿಕ್ಕ ಹಲ್ಲುಗಾಲಿಗೆ ಪಟ್ಟಿ ತಾಗಿತ್ತು. ಹಿಂದಿನ ದೊಡ್ಡ ಹಲ್ಲುಗಾಲಿಗೂ ಪಟ್ಟಿಗೂ ನಡುವೆ ಕಿರುಬೆರಳು ತೂರುವಷ್ಟು ಸಂದು. ದೊಡ್ಡ ಗಾಲಿ ಅಷ್ಟು ಒಳಗೆ ಕೂತಿತ್ತು. ಹಾಗಿದ್ದರೆ ಚೈನು ಓರೆಯಾಗಿ ಓಡುತ್ತದೆ, ಹಲ್ಲಿನ ಒಂದೇ ಬದಿ ಸವೆಯುತ್ತದೆ, ಜೋರು ಕೊಟ್ಟಾಗ ಹಲ್ಲಿನ ಮೇಲೇರಿ ಕೆಳಗೆ ಬೀಳುತ್ತದೆ. ಸಂದಿಗೆ ಸರಿಯಾದ ಉಂಗುರ ಕಡೆದು, ಗಾಲಿಯ ಹಿಂದೆ ಇಟ್ಟು, ಉದ್ದದ ಬೋಲ್ಟು ಹಾಕಿ ಬಿಗಿದರೆ ಎರಡೂ ಒಂದೇ ಗೆರೆಗೆ ಬರುತ್ತವೆ.

ನಾನು ಕಡೆದ ಉಂಗುರ ಆರಿದ ಮೇಲೆ ಆಪಾ ಅದನ್ನು ಕೇಳಿ ಇಸಿದುಕೊಂಡು ಬೆರಳ ತುದಿಯಲ್ಲಿ ತಿರುಗಿಸಿ ನೋಡಿದಳು. "ಇದೂ ಬಳಿನ ಆತಲ್ರಿ," ಎಂದು ನಕ್ಕಳು.

ಗಾಡಿ ತಯಾರಾದ ಮೇಲೆ ಬಸ್ ಸ್ಟ್ಯಾಂಡಿನ ತನಕ ಹೋಗಿಬಂದಳು. ಸುಮ್ಮನೆ ಇನ್ನೊಮ್ಮೆ ಹೋಗಿಬಂದಳು. ಮೂರನೆಯ ಸಲ ಹೋದವಳು ಹಾಗೇ ರಾಜೂರ ದಾರಿ ಹಿಡಿದಳು.

ಸ್ವಲ್ಪ ದಿನಗಳಾದ ಮೇಲೆ ಗಾಡಿ ಮತ್ತೆ ಬಂತು. ಚೈನು ಬಿದ್ದಿತ್ತು. ಬಿಚ್ಚಿ ನೋಡಿದರೆ ನನ್ನ ಉಂಗುರ ಇರಲಿಲ್ಲ. ಅದರ ಜಾಗದಲ್ಲಿ ತೆಳ್ಳನೆಯ ವಾಷರುಗಳಿದ್ದವು.

"ಇದನ್ನ ಯಾರ ಬಿಚ್ಚಿದ್ರಿ?" ಎಂದು ಕೇಳಿದೆ.

ಆಪಾ ರಸ್ತೆಯ ಕಡೆ ನೋಡುತ್ತಿದ್ದಳು. "ನಮ್ಮ ಮನ್ಯಾಗ ನಟ್ಟು-ಬೋಲ್ಟಿಗೆ ಪಾನಾ ಹಿಡಿಯಾಂವ ಒಬ್ಬನ ಅದಾನ್ರಿ. ನೀವು ಇನ್ನೊಂದು ಮಾಡಿ ಹಾಕ್ರಿ. ಅವನ ಮುಂದ ಏನೂ ಅನಬ್ಯಾಡ್ರಿ."

ಇನ್ನೊಂದು ಮಾಡಿ ಹಾಕಿದೆ. ಅದೂ ಹೋಯಿತು. ಅಣ್ಣ ಯಾಕೆ ಹಾಗೆ ಮಾಡುತ್ತಿದ್ದ ಎನ್ನುವುದು ನನಗೆ ತಿಳಿಯದ್ದೇನಲ್ಲ. ಪೇಟೆಯಲ್ಲಿ ಜನ ಅವನನ್ನು ನಿಲ್ಲಿಸಿ ಕೇಳುತ್ತಿದ್ದರು, ಅಂಥ ತಂಗಿಯನ್ನು ಒಬ್ಬಳನ್ನೇ ಕಳಿಸಿ ನೀನು ನೆರಳಿಗೆ ಕೂತಿದ್ದೀಯಲ್ಲ ಎಂದು. ಒಮ್ಮೆ ಚಹಾದಂಗಡಿಯಲ್ಲಿ ನನ್ನ ಪಕ್ಕ ಕೂತು ಅವನೇ ಮಾತು ತೆಗೆದ. "ಆಕಿ ಹೋದ್ಲಂದ್ರ ಬರೂ ತನಕ ನನ್ನ ಜೀವಾ ರಸ್ತೇದ ಮ್ಯಾಲ ಇರತೈತ್ರಿ," ಎಂದ. ಚೈನು ಊರ ಹತ್ತಿರವೇ ಬೀಳುತ್ತದೆ, ಬೇಸತ್ತು ಅವಳೇ ಬಿಡುತ್ತಾಳೆ ಎಂದು ಅವನ ಲೆಕ್ಕ ಇದ್ದಿರಬೇಕು. ಅವನು ಕೆಟ್ಟವನಲ್ಲ. ಇಷ್ಟು ವರ್ಷ ಬೆನ್ನ ಹಿಂದೆ ಕೂತವಳು ಈಗ ಒಬ್ಬಳೇ ಹೋಗುವುದನ್ನು ನೋಡುವುದು ಅವನಿಗೆ ಕಷ್ಟವಾಗಿತ್ತು...

ಒಂದು ಮಧ್ಯಾಹ್ನ ರಾಜೂರ ದಾರಿಯ ಇಳುಕಲಿನಲ್ಲಿ ಚೈನು ಹಲ್ಲಿನಿಂದ ಕಳಚಿ ಅಚ್ಚಿಗೆ ಸುತ್ತಿಕೊಂಡಿತು. ಹಿಂದಿನ ಗಾಲಿಗಳು ಓಡುತ್ತಿದ್ದ ಹಾಗೆಯೇ ಬಿಗಿದು ನಿಂತವು. ಗಾಡಿ ಎರೆಹೊಲದ ಬದುವಿಗೆ ಹೊರಳಿತು. ಆಪಾ ಒಂದು ಕಡೆ ಬಿದ್ದಳು, ಊರುಗೋಲು ಇನ್ನೊಂದು ಕಡೆ. ಟ್ರಂಕು ಬಾಯಿ ತೆರೆದು ಬಳೆಗಳೆಲ್ಲ ಚೂರಾದವು. ಅವಳ ಬಲಗೈ ಗಾಜಿನ ಮೇಲೆಯೇ ಊರಿತ್ತು.

ಅವತ್ತು ರಾಜೂರಿನ ಒಂದು ಮನೆಯಲ್ಲಿ ಬಸುರಿ ಸೊಸೆಗೆ ಸೀಮಂತದ ಕುಬುಸ ಇತ್ತು. ಹಸಿರು ಬಳೆ ಇಡಿಸಲು ಆಪಾ ಬರಬೇಕಾಗಿತ್ತು. ಹೊತ್ತಾದರೂ ಬರಲಿಲ್ಲವೆಂದು ಆ ಮನೆಯವರು ಟ್ರ್ಯಾಕ್ಟರ್ ತೆಗೆದುಕೊಂಡು ಹುಡುಕುತ್ತ ಬಂದರು. ಬಂದಾಗ ಆಪಾ ಮಣ್ಣಿನಲ್ಲಿ ಕೂತು, ರಕ್ತ ಸೋರುವ ಕೈಗೆ ಸೆರಗು ಸುತ್ತಿಕೊಂಡು, ಎಡಗೈಯಿಂದ ಒಡೆಯದೆ ಉಳಿದ ಹಸಿರು ಬಳೆಗಳನ್ನು ಆರಿಸಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳಂತೆ. ದವಾಖಾನಿಗೆ ಹೋಗೋಣ ಎಂದರೆ ಕೇಳಲಿಲ್ಲವಂತೆ. ಮೊದಲು ಆ ಮನೆಗೆ ಹೋಗಿ, ಕೈಗೆ ಅರಿವೆ ಕಟ್ಟಿಸಿಕೊಂಡು, ಇದ್ದ ಬಳೆಗಳನ್ನೇ ಹುಡುಗಿಯ ಎರಡೂ ಕೈಗೆ ಏರಿಸಿದ ಮೇಲೆಯೇ ಗಜೇಂದ್ರಗಡಕ್ಕೆ ಬಂದಳು. ಇದನ್ನೆಲ್ಲ ನನಗೆ ಹೇಳಿದವನು, ಮುರಿದ ಗಾಡಿಯನ್ನು ಅದೇ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದ ಆ ಹುಡುಗಿಯ ಗಂಡ.

ಕೈ ಮಾಯುವ ಮೊದಲೇ ಆಪಾ ನನ್ನ ಅಂಗಡಿಗೆ ಬಂದಳು. ಅಣ್ಣ ಅವಳನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಕರೆತಂದಿದ್ದ. ಯಾರ ಮುಖವನ್ನೂ ನೋಡದೆ ಮೂಲೆಯಲ್ಲಿ ನಿಂತ. ನಾನು ಗಾಡಿ ರಿಪೇರಿ ಮಾಡಿ, ಅದರಲ್ಲಿ ಇಲ್ಲವಾಗಿದ್ದ ಉಂಗುರದ ಬದಲು ಹೊಸದು ಕಡೆದು ಇಟ್ಟಿದ್ದೆ. ಅದನ್ನು ಕೂರಿಸಲು ಬಗ್ಗಿದಾಗ ಆಪಾ ತಡೆದಳು.

"ನೀವು ಬ್ಯಾಡ್ರಿ ಅಣ್ಣಾರ. ನಮ್ಮ ಭಾಯಿ ಹಾಕ್ತಾನ."

ಅವನು ಕದಲಲಿಲ್ಲ. "ರಸ್ತೇದಾಗ ನಿನಗ ಏನರ ಆದ್ರ ಯಾರು ನೋಡ್ತಾರ ಅಂತ..." ಎಂದ.

"ಆತಲ್ಲ. ನೋಡಿದ್ರಲ್ಲ," ಎಂದಳು ಆಪಾ. ದನಿ ಏರಿರಲಿಲ್ಲ. "ಊರಿಗೂರ ನೋಡಿತು. ನೀ ಈಗ ಗಾಡಿ ನೋಡು."

ಅವನು ನೆಲಕ್ಕೆ ಕೂತ. ಬೆನ್ನು ನೋವಿನವನಾದ್ದರಿಂದ ಕೂರಲು ಹೊತ್ತು ಹಿಡಿಯಿತು. ಉಂಗುರ ಇಟ್ಟು, ಗಾಲಿ ಕೂರಿಸಿ, ಬೋಲ್ಟುಗಳನ್ನು ಒಂದೊಂದಾಗಿ ಬಿಗಿದ. ನಾನು ಪಟ್ಟಿ ಕೊಟ್ಟೆ. ಎರಡೂ ಹಲ್ಲುಗಾಲಿಗೆ ಹಿಡಿದು, ಬೆಳಕಿಗೆ ಕಣ್ಣು ಹಾಯಿಸಿ ಸಂದು ನೋಡಿದ. ಗಾಲಿಯನ್ನು ಕೈಯಿಂದ ತಿರುಗಿಸಿ ಚೈನು ನೆಟ್ಟಗೆ ಓಡುವುದನ್ನು ನೋಡುತ್ತ ಎಷ್ಟೋ ಹೊತ್ತು ಹಾಗೇ ತಿರುಗಿಸುತ್ತಿದ್ದ. ಅವನ ಕಣ್ಣು ತುಂಬಿದ್ದವು. ಆಪಾ ಅದನ್ನು ಕಂಡೂ ಕಾಣದವಳಂತೆ ನನ್ನನ್ನು ಚಹಾ ತರಿಸಲು ಹೇಳಿದಳು.

ಆ ಮೇಲೆ ಉಂಗುರ ಕಾಣೆಯಾಗಲಿಲ್ಲ. ಪ್ರತಿ ಶುಕ್ರವಾರ ನಮಾಜು ಮುಗಿಸಿ ಬಂದು ಅವನೇ ಗಾಡಿಯನ್ನು ಮಗ್ಗುಲಾಗಿ ನಿಲ್ಲಿಸಿ ಪಟ್ಟಿ ಹಿಡಿದು ನೋಡುತ್ತಿದ್ದ. ಆಪಾಳ ದಾರಿ ಉದ್ದವಾಯಿತು. ಸೂಡಿ, ರಾಜೂರ ದಾಟಿ ಅಬ್ಬಿಗೇರಿಯ ತನಕ ಹೋಗತೊಡಗಿದಳು. ಬಲ ಅಂಗೈಯಲ್ಲಿ ಗಾಯದ ಗೆರೆ ಉಳಿದುಕೊಂಡಿತ್ತು. ಬಳೆ ಏರಿಸುವಾಗ ಒಂದು ಬೆರಳು ಪೂರ್ತಿ ಮಡಚುತ್ತಿರಲಿಲ್ಲವಂತೆ. ಹೀಗೆ ಎಷ್ಟೋ ವರ್ಷ ನಡೆಯಿತು...

ಹೋದ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಬಿಡಲಿಲ್ಲ. ಗದಗಿನ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ಅವಳು ಮರಳಿ ಬರಲಿಲ್ಲ. ಮಣ್ಣಿಗೆ ನಾನೂ ಹೋಗಿದ್ದೆ. ಗಾಡಿಯನ್ನು ಅಣ್ಣ ನರಗುಂದದ ಒಬ್ಬ ದರ್ಜಿಗೆ ಕೊಟ್ಟುಬಿಟ್ಟ. ಆ ದರ್ಜಿಯ ಕಾಲೂ ಹಾಗೇ ಇದ್ದವು. ಕೊಡುವ ಮುಂಚೆ ನನ್ನ ಅಂಗಡಿಗೆ ತಂದು, ಪಟ್ಟಿ ಹಿಡಿದು ನೋಡಿಕೊಳ್ಳುವುದನ್ನು ಅವನಿಗೆ ತಾನೇ ಕಲಿಸಿದ.

ಮೊನ್ನೆ ನೀರಿನ ಪಂಪಿನ ಕೆಲಸಕ್ಕೆಂದು ಅಬ್ಬಿಗೇರಿಗೆ ಹೋಗಿದ್ದೆ. ಹೊಲಕ್ಕೆ ಕರೆದೊಯ್ಯುವವನು ಬರುವ ತನಕ ಅವರ ಮನೆಯ ಕಟ್ಟೆಯ ಮೇಲೆ ಕೂತೆ. ಆ ಮನೆಯ ಮುದುಕಿ ಎಲ್ಲಿಯವರೆಂದು ವಿಚಾರಿಸಿದಳು. ಗಜೇಂದ್ರಗಡ ಎಂದೆ.

"ಹಂಗಾದ್ರ ಬಳಿ ಆಪಾ ಗೊತ್ತಿರಬೇಕಲ್ರಿ ನಿಮಗ? ಭಾಳ ದಿನಾ ಆತು, ಈ ಕಡೆ ಬರವಲ್ಲಳು. ಹ್ವಾದ ಸಲ ಬಂದಾಗ ಹೊಲದಾಗ ಶೇಂಗಾ ಹರಿಯೋ ಸುಗ್ಗಿ ಗದ್ದಲದಾಗ ಯಾರೂ ಆಕಿಗೆ ಚಾ ಕುಡಿ ಅನಲಿಲ್ಲ. ಅದಕ್ಕ ಸಿಟ್ಟಾಗ್ಯಾಳ ಅಂತ ನಾವು ಮಾತಾಡ್ತಿದ್ವಿ."

ನಾನು ಇದ್ದ ಸಂಗತಿ ಹೇಳಿದೆ. ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಆಮೇಲೆ ಒಳಗಿದ್ದ ಸೊಸೆಯನ್ನು ಕೂಗಿದಳು.

"ಏ... ಇಲ್ಲಿ ಬಾರವಾ. ಆಪಾ ನಮ್ಮ ಮ್ಯಾಲ ಸಿಟ್ಟಾಗಿದ್ದಿಲ್ಲಂತ..."

ಸೊಸೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಗುತ್ತಲೇ, "ಮತ್ತ ಯಾವಾಗ ಬರತಾಳಂತ?" ಎಂದಳು. ಮುದುಕಿ ನನ್ನ ಕಡೆ ನೋಡಿದಳು. ಎರಡನೆಯ ಸಲವೂ ನಾನೇ ಹೇಳಬೇಕಾಯಿತು.