ತೊಣ್ಣೂರು ಮನೆಯ ಅಳತೆಕೋಲು

ಕಾಲೇಜಿಗೆ ಐವತ್ತು ವರ್ಷ ತುಂಬಿದ್ದಕ್ಕೆ ತಂದ ದಪ್ಪ ಪುಸ್ತಕದಲ್ಲಿ ಅಳತೆಕೋಲಿಗೆ ಒಂದು ಪೂರ್ತಿ ಪುಟ ಕೊಟ್ಟಿದ್ದಾರೆ. ಕೋಲು ಕೊಟ್ಟ ಸುಬ್ರಹ್ಮಣ್ಯಾಚಾರಿಯ ಹೆಸರಿಲ್ಲ. ‘ಊರಿನ ಬಡಗಿಯೊಬ್ಬ’ ಅಂತ ಹಾಕಿದ್ದಾರೆಂದು ಮಗಳು ವೀಣ ಇಂಗ್ಲಿಷು ಬಿಡಿಸಿ ಹೇಳಿದ ದಿನ ಅವನು ಕೈಲಿದ್ದ ಉಳಿ ಎಸೆದಿದ್ದ. “ಒಬ್ಬ ಅಂತೆ. ಯಾವ್ದೋ ನಾಯಿ ಬಂದಿತ್ತು ಅಂದಂಗೆ.”

ಪಟ್ಟಣದ ವಿಶ್ವವಿದ್ಯಾಲಯದ ಆ ಆರ್ಕಿಟೆಕ್ಚರ್ ಕಾಲೇಜು ಶುರುವಾದದ್ದು ಎರಡು ತಗಡಿನ ಶೆಡ್ಡಿನಲ್ಲಂತೆ. ಈಗ ಅಲ್ಲಿ ಸೀಟು ಸಿಕ್ಕಿದರೆ ಜನ ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ಅದಕ್ಕೆ ಹೆಸರು ಬಂದದ್ದು ಹಳೇ ಮನೆಗಳನ್ನು ಅಳೆದು ಬರೆದ ನಕ್ಷೆಗಳಿಂದ.

ಹನ್ನೆರಡು ವರ್ಷದ ಹಿಂದೆ ಆ ಕಾಲೇಜಿನ ಮೇಷ್ಟ್ರು, ಹುಡುಗರು ತೊಣ್ಣೂರಿಗೆ ಬಂದು ಚಿಕ್ಕಬೋರಮ್ಮನ ತೊಟ್ಟಿಮನೆಯನ್ನು ಮೂರು ದಿನ ಟೇಪು ಹಿಡಿದು ಅಳೆದರು. ಲೆಕ್ಕ ಕೂಡಲಿಲ್ಲ. ಸೂರಿನ ಮೇಲೆ ಹೆಂಚು ಸರಿಮಾಡುತ್ತಿದ್ದ ಆಚಾರಿಗೆ ನಗು ಬಂತು. ಮನೆ ಕಟ್ಟಿಸಿದವನ ಮೊಳಕ್ಕೆ ಸರಿಯಾಗಿ ಕೋಲು ಕಡಿದು, ಅದರಲ್ಲೇ ಕಂಬ, ತೊಲೆ ಎಲ್ಲ ಅಳೆದು, ಕೆಲಸ ಮುಗಿದ ಮೇಲೆ ಆ ಕೋಲನ್ನು ಅದೇ ಮನೆಯ ಸೂರಿಗೆ ಸಿಕ್ಕಿಸುವುದು ಅವರ ಕಸುಬಿನ ಪದ್ಧತಿ. ಅವನು ಕೋಲು ಎಳೆದು ಕೊಟ್ಟ. ಇಡೀ ಮನೆ ಚಿಲ್ಲರೆ ಉಳಿಯದಂತೆ ಕೂಡಿಬಂತು. ಮೇಷ್ಟ್ರು ಅವನನ್ನು ‘ಸಾರ್’ ಎಂದರು. ಅಲ್ಲಿಯವರೆಗೆ ಯಾರೂ ಅಂದಿರಲಿಲ್ಲ. ಎರಡು ತಿಂಗಳಲ್ಲಿ ವಾಪಸು ತರುತ್ತೇವೆಂದು ಕೇಳಿದಾಗ, ತೆಗೆದುಕೊಂಡು ಹೋಗಿ ಎಂದುಬಿಟ್ಟ. ಚಿಕ್ಕಬೋರಮ್ಮ ಆವತ್ತು ಶೀಳನೆರೆಯ ಮಗಳ ಮನೆಗೆ ಹೋಗಿದ್ದಳು. ಆ ನಕ್ಷೆಗೆ ಹೊರದೇಶದ ಬಹುಮಾನ ಬಂತು. ಕೋಲು ಬರಲಿಲ್ಲ.

ಈ ವರ್ಷ ಪಡಸಾಲೆಯ ಒಂದು ಕಂಬಕ್ಕೆ ಗೆದ್ದಲು ಹತ್ತಿತು. ಪೊರೆ ಬಂದ ಕಣ್ಣಿನ ಚಿಕ್ಕಬೋರಮ್ಮ ಅವನನ್ನು ಕರೆಸಿದಳು.

“ಮೊದ್ಲು ಕೋಲು ಇಳ್ಸು ಕಣ್ಲಾ ಆಚಾರಿ. ಅರಿಶಿಣ ಅಚ್ಚಿ ಆಮೇಲೆ ಮರ ಮುಟ್ಟು.”

ನಾಳೆ ಬರುತ್ತೇನೆಂದು ಹೇಳಿ ಅವನು ಸೀದಾ ಬಸ್ಸು ಹತ್ತಿದ. ಕಾಲೇಜಿನಲ್ಲಿ ಕೋಲು ಗಾಜಿನ ಪೆಟ್ಟಿಗೆಯೊಳಗೆ ಮಲಗಿತ್ತು. ಅವನು ಕೂಗಾಡಿದ, ಹೆಸರು ಹಾಕದವರನ್ನೆಲ್ಲ ಬೈದ. ಹೇಮಶ್ರೀ ಎಂಬ ಮೇಡಮ್ಮು ಕುರ್ಚಿ ಎಳೆದು, ಕುಡಿಯಲು ನೀರು ಕೊಟ್ಟು, ಬಿಳಿ ಹಾಳೆ ಮುಂದಿಟ್ಟರು.

“ಕೋಲು ನಿಮ್ಮ ಮನೇದಾ ಯಜಮಾನ್ರೆ? ಹೌದು ಅಂತ ಬರೆದುಕೊಡಿ. ಇಲ್ಲಾಂದ್ರೆ ಮನೆಯವರ ಹತ್ರ ಒಂದು ಸಹಿ ಹಾಕಿಸ್ಕೊಂಡು ಬನ್ನಿ.”

ಪೆನ್ನು ಹಿಡಿದವನು ಅದನ್ನು ಹಾಳೆಯ ಮೇಲೇ ಇಟ್ಟು ಎದ್ದ. ಸಿಟ್ಟೆಲ್ಲ ಇಳಿದು ಬರೀ ದಣಿವು ಉಳಿಯಿತು. ಸಹಿ ಬೇಕೆಂದರೆ ಆ ಮುದುಕಿಗೆ, ನಿನ್ನ ಮನೆಯ ಕೋಲನ್ನು ನಿನ್ನ ಕೇಳದೆ ಕೊಟ್ಟೆ ಅನ್ನಬೇಕು.

ಮನೆಗೆ ಬಂದು ಹಲಸಿನ ಮರದಲ್ಲಿ ಹಳೆಯದರಷ್ಟೇ ಉದ್ದದ ಹೊಸ ಕೋಲು ಕಡಿದ. ಮಾರನೆಯ ದಿನ ಸೂರಿನಿಂದ ಇಳಿಸಿದ್ದೆಂದು ಕೊಟ್ಟಾಗ ಚಿಕ್ಕಬೋರಮ್ಮ ಅದರ ಮೇಲೆ ಬೆರಳಾಡಿಸಿದಳು.

“ನುಣ್ಣಗಾಗ್ಬುಟ್ಟದಲ್ಲೋ.”

“ಉಜ್ಜಿವ್ನಿ ಕಣವ್ವ.”

ಅವಳು ಅದನ್ನು ಕಣ್ಣಿಗೊತ್ತಿಕೊಂಡಳು. ಕಂಬ ನಿಂತಿತು. ಅವನು ಕೂಲಿ ಬೇಡವೆಂದ; ಯಾಕೆಂದು ಅವಳಿಗೆ ತಿಳಿಯಲಿಲ್ಲ. ಯುಗಾದಿ ಕಳೆದ ಮೇಲೆ ನಿಜ ಹೇಳೋಣವೆಂದುಕೊಂಡಿದ್ದ. ಯುಗಾದಿಗೆ ಮುಂಚೆಯೇ ಅವಳು ತೀರಿಕೊಂಡಳು.

ಪುಸ್ತಕ ಇನ್ನೂ ಅವನ ಮನೆಯಲ್ಲಿದೆ. ಈಗ ಅವನು ಬೈಯುವುದಿಲ್ಲ. ಆ ಪುಟದಲ್ಲಿ ಚಿಕ್ಕಬೋರಮ್ಮನ ಹೆಸರೂ ಇಲ್ಲ.