ಮೊದಲು ಸನ್ಮಾನ, ಆಮೇಲೆ ಮಾರ್ಗದರ್ಶನ

ಹತ್ತನೇ ಮುಗಿದ ಮೇಲೆ ಮುಂದೇನು ಎಂದು ಮಕ್ಕಳಿಗೆ, ಪಾಲಕರಿಗೆ ತಿಳಿಹೇಳುವ ಶಿಬಿರಗಳ ಉಸ್ತುವಾರಿ ನನ್ನದು. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕು ಸುತ್ತುತ್ತೇನೆ. ಹೆಸರಿಗೆ ಮಾರ್ಗದರ್ಶನ, ನಡೆಯುವುದು ಮಾತ್ರ ಸನ್ಮಾನ. ನಮ್ಮ ಕಡೆ ಮೈಕು ಕಂಡರೆ ಸಾಕು, ಶಾಲುಗಳು ಹೊರಬೀಳುತ್ತವೆ. ವೇದಿಕೆಯ ಮೇಲಿದ್ದವರಿಗೆಲ್ಲ ಶಾಲು, ಪೇಟ, ಹಾರ ಆಗುವಷ್ಟರಲ್ಲಿ ಮಕ್ಕಳು ಬಾಡಿರುತ್ತಾರೆ. ಬೇಡವೆಂದರೆ, "ಹಂಗ ಅಂದ್ರ ಹೆಂಗ್ರಿ ಸರ್, ಊರ ಮರ್ಯಾದಿ ಪ್ರಶ್ನೆ ಐತಿ" ಎಂದು ನನ್ನ ಬಾಯಿಯನ್ನೇ ಮುಚ್ಚಿಸುತ್ತಾರೆ.

ಮೂಡಲಗಿ ಕಡೆಯ ಒಂದು ಶಾಲೆಯಲ್ಲಿ ಹುಡುಗಿಯೊಬ್ಬಳಿಗೆ ಎಲೆಕ್ಟ್ರಿಕಲ್ ಡಿಪ್ಲೊಮಾ ಓದುವ ಹಟ. ಹೊಲದ ಪಂಪ್‌ಸೆಟ್ಟು ಕೆಟ್ಟರೆ ಸ್ಟಾರ್ಟರ್ ಬಿಚ್ಚಿಕೊಂಡು ಕೂಡುವವಳು. ಅಪ್ಪನದು ಒಂದೇ ಮಾತು: ಊರ ಬಾಜೂ ಇರುವ ಕಾಲೇಜು, ಆರ್ಟ್ಸು.

"ನಾ ಹೇಳಿದ್ರ ಕೇಳಂಗಿಲ್ರಿ. ನೀವ ಹೇಳ್ರಿ, ಹೊರಗಿನವರ ಮಾತಿಗೆ ಅಪ್ಪ ಬೆಲಿ ಕೊಡ್ತಾನ" ಎಂದಳು. ನಾನೇ ಫೋನು ಮಾಡಿ ಅಪ್ಪನನ್ನು ಶಿಬಿರಕ್ಕೆ ಕರೆಸಿದೆ.

ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು ಮೊದಲ ಸಾಲಲ್ಲೇ ಕುಳಿತರು. ಮುಖ್ಯೋಪಾಧ್ಯಾಯರಿಗೆ ಏನು ಹೊಳೆಯಿತೋ, ಪಾಲಕರ ಪರವಾಗಿ ಅವರನ್ನೂ ವೇದಿಕೆಗೆ ಕರೆದು ಪೇಟ ಸುತ್ತಿಸಿಬಿಟ್ಟರು. ಶಾಲು ಹೊದಿಸಲು ನನ್ನನ್ನೇ ಎಬ್ಬಿಸಿದರು. ಮೈಯೆಲ್ಲ ಉರಿಯುತ್ತಿತ್ತು, ಆದರೂ ಫೋಟೋದವನ ಕಡೆ ಹಲ್ಲು ಕಿರಿದೆ. ಅಷ್ಟರಲ್ಲಿ ಊಟದ ಹೊತ್ತಾಯಿತು. ಸರ್ ಚುಟುಕಾಗಿ ಮಾತಾಡುತ್ತಾರೆ ಎಂದು ಮೈಕಿನಲ್ಲೇ ಸಾರಿದರು. ಯಾವ ಕೋರ್ಸಿನ ಬಗ್ಗೆಯೂ ನೆಟ್ಟಗೆ ಹೇಳಲಾಗಲಿಲ್ಲ.

ಗೇಟಿನ ಬಳಿ ಅಪ್ಪನನ್ನು ತಡೆದು ಡಿಪ್ಲೊಮಾದ ಮಾತು ತೆಗೆದೆ. ಅವರ ಕಣ್ಣುಗಳು ತುಂಬಿದ್ದವು.

"ಇಷ್ಟ ವರ್ಷದಾಗ ನನ್ನ ಯಾರೂ ಹಿಂಗ ಮ್ಯಾಲ ಕರದು ಕೂಡಿಸಿರಲಿಲ್ರಿ. ಮಗಳನ್ನ ಇಲ್ಲೇ ಬಾಜೂ ಕಾಲೇಜಿಗೆ ಹಾಕತೇನಿ ಅಂತ ಹೆಡ್ ಮಾಸ್ತರ್‌ಗೆ ಈಗ ಮಾತ ಕೊಟ್ಟ ಬಂದೇನ್ರಿ. ಇಂಥಾ ಊರು ಬಿಟ್ಟು ಎಲ್ಲಿಗೆ ಕಳಸೂದ್ರಿ?"

ಹುಡುಗಿ ಅಪ್ಪನ ಹಾರ, ತೆಂಗಿನಕಾಯಿ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು. ಒಮ್ಮೆ ನನ್ನ ಮುಖ ನೋಡಿದಳು. ಮತ್ತೆ ಎರಡು ಸಲ ಫೋನು ಮಾಡಿದೆ. ಅಪ್ಪ ಬಾಯ್ತುಂಬ ಮಾತಾಡಿದರು, ಮನೆಗೆ ಊಟಕ್ಕೆ ಕರೆದರು. ಕೊಟ್ಟ ಮಾತು ಮಾತ್ರ ಬದಲಿಸಲಿಲ್ಲ.

ಆಕೆ ಆರ್ಟ್ಸ್ ಸೇರಿದಳು. ಆ ದಿನದ ಫೋಟೋಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಾರೆಂದು ಅಲ್ಲಿಯ ಶಿಕ್ಷಕಿಯೊಬ್ಬರು ಹೇಳಿದರು. ಅದರಲ್ಲಿ ಅಪ್ಪನಿಗೆ ಶಾಲು ಹೊದಿಸುತ್ತ ನಾನು ನಗುತ್ತಿದ್ದೇನೆ. ಹುಡುಗಿ ಅದರ ಕೆಳಗೇ ಕೂತು ಓದುತ್ತಾಳಂತೆ.